ಸೂರಿನ ನೆರಳಿಗೆ ಬೇಕಾದಷ್ಟೇ ಬೆಳಕು: ಲೇಯರ್ ಮಾಸ್ಕ್ ಬಳಸುವುದು ಹೇಗೆ?

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿಯ ಮದನಿಕೆಯರನ್ನು ನಡುಹಗಲಿನಲ್ಲಿ ಫೋಟೊ ತೆಗೆದವರಿಗೆ ಈ ತೊಡಕು ಗೊತ್ತು. ಆಕಾಶಕ್ಕೆ ತಕ್ಕಂತೆ ಬೆಳಕು ಹೊಂದಿಸಿದರೆ ಶಿಲ್ಪ ಕಪ್ಪಾಗುತ್ತದೆ. ಶಿಲ್ಪಕ್ಕೆ ಹೊಂದಿಸಿದರೆ ಆಕಾಶ ಬಿಳುಚಿಕೊಳ್ಳುತ್ತದೆ. ಬಿಳುಚಿದ ಆಕಾಶದಿಂದ ಮರಳಿ ಪಡೆಯಲು ಏನೂ ಇರುವುದಿಲ್ಲವಾದ್ದರಿಂದ, ಆಕಾಶಕ್ಕೆ ಹೊಂದಿಸಿ, ನೆರಳಿನ ವಿವರ ಹೆಚ್ಚು ಉಳಿಯುವ ರಾ ಫೈಲಿನಲ್ಲಿ ಚಿತ್ರ ತೆಗೆದು, ಶಿಲ್ಪವನ್ನಷ್ಟೇ ಆಮೇಲೆ ಬೆಳಗಿಸುವುದು ಲೇಸು. ಅದಕ್ಕೆ ಸಾಧನ ಲೇಯರ್ ಮಾಸ್ಕ್.

ಲೇಯರ್ ಎಂದರೆ ಚಿತ್ರದ ಮೇಲೆ ಹೊದಿಸುವ ಪದರ. ಮಾಸ್ಕ್ ಎಂದರೆ ಆ ಲೇಯರಿಗೆ ಅಂಟಿಕೊಂಡ ಕಪ್ಪು-ಬಿಳುಪಿನ ಇನ್ನೊಂದು ಚಿತ್ರ. ಅದರಲ್ಲಿ ಬಿಳಿ ಇದ್ದಲ್ಲಿ ಆ ಲೇಯರಿನ ಪರಿಣಾಮ ಪೂರ್ತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅದು ಗಾಢವಾದಷ್ಟೂ ಕಡಿಮೆ ಕಾಣುತ್ತದೆ. ರಬ್ಬರಿನಿಂದ ಅಳಿಸಿದ್ದು ಹೋಯಿತೆಂದೇ ಲೆಕ್ಕ. ಮಾಸ್ಕಿನಲ್ಲಿ ಮರೆಸಿದ್ದನ್ನು ವರ್ಷದ ನಂತರವೂ ಹೊರತರಬಹುದು.

ಫೋಟೊಶಾಪ್‌ನಲ್ಲಿ ಚಿತ್ರ ತೆರೆದು, ಲೇಯರ್ಸ್ ಫಲಕದಿಂದ, ಒಂದು ಗೆರೆಯನ್ನು ಬಗ್ಗಿಸಿ ಬೆಳಕನ್ನು ಹೊಂದಿಸುವ ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರನ್ನು ಸೇರಿಸಿ. ಆ ಗೆರೆಯ ಕೆಳಭಾಗವನ್ನು ಹಿಡಿದು, ಶಿಲ್ಪದ ಆಭರಣಗಳ ಕುಸುರಿ ಕಾಣುವವರೆಗೆ ಮೇಲಕ್ಕೆ ಎಳೆಯಿರಿ. ಆಕಾಶ ಕೆಟ್ಟರೂ ಸದ್ಯಕ್ಕೆ ಚಿಂತಿಸಬೇಡಿ. ಬಳಿಕ ಆ ಲೇಯರಿನ ಮಾಸ್ಕನ್ನು ಆಯ್ದು ಕಂಟ್ರೋಲ್ ಮತ್ತು ಐ ಕೀಲಿಗಳನ್ನು ಒತ್ತಿದರೆ ಮಾಸ್ಕ್ ಕಪ್ಪಾಗಿ, ಚಿತ್ರ ಮೊದಲಿನಂತಾಗುತ್ತದೆ. ಈಗ ಅಂಚು ಮೆತ್ತಗಿರುವ ಬ್ರಷ್ ತೆಗೆದುಕೊಂಡು, ಬಿಳಿ ಬಣ್ಣವನ್ನು ಆಯ್ದು, ಫ್ಲೋವನ್ನು (ಬಣ್ಣ ಹರಿಯುವ ಪ್ರಮಾಣವನ್ನು) ಶೇಕಡ 10ರ ಆಸುಪಾಸಿಗೆ ಇಳಿಸಿ, ಶಿಲ್ಪದ ಮೇಲೆ ಹಲವು ಸಲ ತೆಳುವಾಗಿ ಸವರಿ. ಒಂದೇ ಸಲಕ್ಕೆ ಬಳಿದರೆ ಕಲೆಯಂತೆ ಕಾಣುತ್ತದೆ. ತಪ್ಪಿದಲ್ಲಿ ಎಕ್ಸ್ ಕೀಲಿ ಒತ್ತಿ ಕಪ್ಪಿಗೆ ಬದಲಿಸಿಕೊಂಡು ಸರಿಪಡಿಸಬಹುದು.

ಕೆಲಸ ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ಬ್ರಷ್ ಸೂರಿನ ಆಚೆಗೆ ಒಂದಿಷ್ಟು ಚಾಚಿದರೂ ಕಲ್ಲಿನ ಸುತ್ತ ಬೆಳ್ಳನೆಯ ಅಂಚು ಮೂಡಿ, ತಿದ್ದಿದ ಚಿತ್ರವೆಂದು ದೂರದಿಂದಲೇ ತಿಳಿದುಬಿಡುತ್ತದೆ. ಇಂಥ ಕಡೆ ಕೈಯಿಂದ ಸವರುವುದಕ್ಕಿಂತ ಚಿತ್ರದ ಬೆಳಕಿನಿಂದಲೇ ಮಾಸ್ಕ್ ಮಾಡಿಕೊಳ್ಳುವುದು ಉತ್ತಮ. ಕರ್ವ್ಸ್ ಸೇರಿಸುವ ಮೊದಲು ಕಂಟ್ರೋಲ್, ಆಲ್ಟ್ ಮತ್ತು 2 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರದ ಬೆಳಕಿನ ಭಾಗಗಳು ಆಯ್ಕೆಯಾಗುತ್ತವೆ. ಕಂಟ್ರೋಲ್, ಶಿಫ್ಟ್ ಮತ್ತು ಐ ಒತ್ತಿ ಆ ಆಯ್ಕೆಯನ್ನು ತಿರುವುಮುರುವು ಮಾಡಿ, ಆನಂತರ ಕರ್ವ್ಸ್ ಸೇರಿಸಿದರೆ ನೆರಳಿದ್ದಲ್ಲಿ ಬಿಳಿಯೂ ಆಕಾಶವಿದ್ದಲ್ಲಿ ಗಾಢ ಬೂದೂ ಇರುವ ಮಾಸ್ಕ್ ತಾನಾಗಿ ಸಿದ್ಧವಾಗುತ್ತದೆ. ಆಲ್ಟ್ ಹಿಡಿದು ಮಾಸ್ಕಿನ ಮೇಲೆ ಕ್ಲಿಕ್ ಮಾಡಿ ನೋಡಿ: ಕೆತ್ತನೆಯ ಸಣ್ಣ ಅಂಚೂ ಅದರಲ್ಲಿ ಮೂಡಿರುತ್ತದೆ. ಆಕಾಶದ ಬೂದು ಇನ್ನೂ ಉಳಿದಿದ್ದರೆ ಮಾಸ್ಕಿನ ಮೇಲೆ, ಕಪ್ಪು-ಬಿಳುಪನ್ನು ಹೊಂದಿಸುವ ಲೆವೆಲ್ಸ್ ಬಳಸಿ ಅದನ್ನು ಕಪ್ಪಿಗೆ ತಳ್ಳಿ.

ಕರ್ವ್ಸ್ ಎಳೆದಾಗ ಕಲ್ಲಿನ ಬಣ್ಣವೂ ಬದಲಾದರೆ, ಆ ಲೇಯರಿನ ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರಿನೊಡನೆ ಬೆರೆಯುವ ಬಗೆಯನ್ನು) ಬೆಳಕನ್ನಷ್ಟೇ ಬದಲಿಸುವ ಲುಮಿನೋಸಿಟಿಗೆ ಇಡಿ. ಎಷ್ಟು ಬೆಳಗಿಸಬೇಕೆಂಬುದು ಮಾತ್ರ ನಿಮ್ಮ ಕಣ್ಣಿಗೆ ಬಿಟ್ಟದ್ದು. ಬಳಪದ ಕಲ್ಲಿನ ಆ ಆಳವಾದ ಕೊರೆತಗಳಿಗೆ ಉಬ್ಬು-ತಗ್ಗು ಕೊಟ್ಟಿರುವುದೇ ನೆರಳು. ಅದನ್ನು ಪೂರ್ತಿ ತೆಗೆದರೆ ಮದನಿಕೆ ಚಪ್ಪಟೆಯಾಗುತ್ತಾಳೆ. ಆದ್ದರಿಂದ ಸಾಕೆನಿಸಿದ ಮೇಲೆ ಲೇಯರಿನ ಒಪಾಸಿಟಿಯನ್ನು (ಪರಿಣಾಮದ ತೀವ್ರತೆಯನ್ನು) ಇನ್ನೂ ಸ್ವಲ್ಪ ಇಳಿಸುವುದು ನನ್ನ ರೂಢಿ.

ಉಚಿತವಾಗಿ ಸಿಗುವ ಗಿಂಪ್‌ನಲ್ಲಾದರೆ ಲೇಯರಿನ ಪ್ರತಿ ಮಾಡಿ, ಪ್ರತಿಯನ್ನು ಕರ್ವ್ಸ್‌ನಿಂದ ಬೆಳಗಿಸಿ, ಅದಕ್ಕೆ ಕಪ್ಪು ಮಾಸ್ಕ್ ಸೇರಿಸಿ ಇದೇ ರೀತಿ ಸವರಬಹುದು. ಫೈಲನ್ನು ಫೋಟೊಶಾಪ್‌ನ ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿಕೊಳ್ಳಿ. ಜೆಪೆಗ್ ಮಾಡಿದೊಡನೆ ಲೇಯರುಗಳೆಲ್ಲ ಒಂದಾಗಿ, ಮಾಸ್ಕ್ ಇಲ್ಲವಾಗುತ್ತದೆ.