ಬಾಲ್ಯದ ಟಿ.ವಿ. ನಿರೂಪಕರ ನೆನಪನ್ನು ಬರೆದಿಡುವ ಬಗೆ

ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ಕಂಡು ಮೆಚ್ಚಿಕೊಂಡಿದ್ದ ನಿರೂಪಕರೊಬ್ಬರು ತೀರಿಕೊಂಡರೆಂಬ ಸುದ್ದಿ ಬಂದಾಗ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಷ್ಟೇ ಸಂಕಟವಾಗುತ್ತದೆ. ಅವರು ನಮ್ಮನ್ನು ಒಮ್ಮೆಯೂ ನೋಡಿದವರಲ್ಲ, ನಮ್ಮ ಹೆಸರು ಕೇಳಿದವರೂ ಅಲ್ಲ. ಸಾವಿನ ಮನೆಗೆ ಹೋಗಿ ಬರುವ ಸಂಬಂಧವಲ್ಲವಾದ್ದರಿಂದ ಆ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂದು ತೋಚುವುದಿಲ್ಲ. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ನಿಧನರಾದಾಗ ನನಗಾದದ್ದು ಇದೇ. ಎಲ್ಲರೂ ಅವರ ನಾಟಕಗಳ ಕುರಿತು ಮಾತನಾಡುತ್ತಿದ್ದರು. ನನ್ನ ಕಣ್ಣೆದುರಿಗೆ ಬಂದದ್ದು ಮಾತ್ರ 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕ ಕಾರ್ನಾಡರು, ಮತ್ತು ಅದೇ ಕಾರ್ಯಕ್ರಮದಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ ಭೌತವಿಜ್ಞಾನಿ ಪ್ರೊಫೆಸರ್ ಯಶ್ ಪಾಲ್. ಆ ನೆನಪನ್ನು ಬರೆದಿಡಲು ಹೊರಟಾಗ ನಾನು ಮಾಡಿದ ತಪ್ಪುಗಳಿಂದಲೂ ನಿಧಾನವಾಗಿ ಕಂಡುಕೊಂಡ ಕ್ರಮದಿಂದಲೂ ಈ ಬರಹ ಹುಟ್ಟಿದೆ. ನಿಮ್ಮ ಮನಸ್ಸಿನಲ್ಲಿರುವ ನಿರೂಪಕರು ಬೇರೆ ಯಾರೇ ಆಗಿರಲಿ, ಕ್ರಮ ಹೆಚ್ಚೇನೂ ಬದಲಾಗುವುದಿಲ್ಲ.

ಹುಡುಕುವ ಮೊದಲು ಬರೆಯಿರಿ

ಸುದ್ದಿ ತಿಳಿದ ಕೂಡಲೇ ಮೊಬೈಲ್ ತೆಗೆದು ಹಳೆಯ ವಿಡಿಯೊ ಹುಡುಕಬೇಡಿ. ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಒಮ್ಮೆ ವಿಡಿಯೊ ನೋಡಿದಿರೆಂದರೆ, ಇಪ್ಪತ್ತೈದು ಮೂವತ್ತು ವರ್ಷ ನಿಮ್ಮೊಳಗೆ ಉಳಿದುಕೊಂಡಿದ್ದ ಮುಖವನ್ನು ಪರದೆಯ ಮೇಲಿನ ಮುಖ ಅಳಿಸಿಹಾಕುತ್ತದೆ. ಆಮೇಲೆ ಯಾವುದು ಅಂದು ಕಂಡದ್ದು, ಯಾವುದು ಇಂದು ನೋಡಿದ್ದು ಎಂಬುದನ್ನು ಬೇರ್ಪಡಿಸಲು ಆಗುವುದಿಲ್ಲ. ಒಂದು ನೋಟ್‌ಪುಸ್ತಕ ತೆಗೆದುಕೊಂಡು ಅರ್ಧ ಗಂಟೆ ಒಬ್ಬರೇ ಕುಳಿತು ನೆನಪಿಗೆ ಬಂದದ್ದನ್ನು ಬಂದ ಹಾಗೆಯೇ ಬರೆಯಿರಿ. ಇಸವಿ ಸರಿಯೋ ತಪ್ಪೋ ಎಂದು ನಿಲ್ಲಬೇಡಿ. ‘ಮಹಾನ್’, ‘ಅದ್ಭುತ’, ‘ಮರೆಯಲಾಗದ’ ಮುಂತಾದ ಪದಗಳು ಬಂದರೆ ಅಲ್ಲೇ ಹೊಡೆದುಹಾಕಿ, ಅವರು ಏನು ಮಾಡುತ್ತಿದ್ದರು, ಹೇಗೆ ಕುಳಿತಿರುತ್ತಿದ್ದರು, ದನಿ ಹೇಗಿತ್ತು ಎಂಬುದನ್ನಷ್ಟೇ ಬರೆಯಿರಿ.

ಪರದೆಯ ಮೇಲಿದ್ದವರನ್ನು ಬರೆದ ಮೇಲೆ ಪರದೆಯ ಮುಂದಿದ್ದವರನ್ನೂ ಬರೆಯಬೇಕು. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ನಿರೂಪಕರ ಕುರಿತಾದ ವಿವರ ಪತ್ರಿಕೆಗಳಲ್ಲಿಯೂ ಸಿಗುತ್ತದೆ. ಅವರು ನಿಮ್ಮ ಮನೆಯ ನಡುಕೋಣೆಗೆ ಯಾವ ಹೊತ್ತಿಗೆ ಬರುತ್ತಿದ್ದರು, ಬಂದಾಗ ಅಲ್ಲಿ ಯಾರು ಯಾರು ಇದ್ದರು ಎಂಬುದು ಮಾತ್ರ ನಿಮ್ಮ ಹೊರತು ಬೇರೆಲ್ಲಿಯೂ ಸಿಗುವುದಿಲ್ಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಇದ್ದದ್ದು ಎರಡು ಪಕ್ಕಕ್ಕೂ ಸರಿಯುವ ಮರದ ಬಾಗಿಲಿನ ಕಪ್ಪುಬಿಳುಪು ಪೆಟ್ಟಿಗೆ. ಹೆಂಚಿನ ಮಾಡಿನ ಪಕ್ಕದಲ್ಲಿ ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿದ್ದರು. ಗಾಳಿ ಬೀಸಿದರೆ ಅದು ದಿಕ್ಕು ತಪ್ಪುತ್ತಿತ್ತು. ಚಿಕ್ಕಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕಿಳಿದು ಗಳು ತಿರುಗಿಸುತ್ತಾ “ಬಂತಾ?” ಎಂದು ಕೂಗುವುದು, ಕಿಟಕಿಯ ಬಳಿ ನಿಂತ ಅಕ್ಕ “ಬಂತು, ಬಂತು, ಅಯ್ಯೋ ಹೋಯ್ತು!” ಎನ್ನುವುದು, ಆ ನಡುವೆ ಯಶ್ ಪಾಲರ ಬಿಳಿಗೂದಲು ಚುಕ್ಕೆಗಳ ಮಳೆಯೊಳಗಿಂದ ಒಮ್ಮೆ ಮೂಡಿ ಒಮ್ಮೆ ಮರೆಯಾಗುವುದು: ನನಗೆ ಅವರ ನೆನಪೆಂದರೆ ಇದಿಷ್ಟೂ ಸೇರಿದ್ದು. ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಹಾಗೆ ತಪ್ಪಿಹೋದ ವಾರಗಳನ್ನೂ ಬರೆದಿಡಿ. ಕಾಯುತ್ತಿದ್ದೆವು ಎಂಬುದೇ ಅಲ್ಲಿಯ ದೊಡ್ಡ ಸಂಗತಿ.

ಭಾಷೆಯ ವಿಷಯವನ್ನೂ ಪ್ರಾಮಾಣಿಕವಾಗಿ ದಾಖಲಿಸಬೇಕು. ಆ ಕಾರ್ಯಕ್ರಮ ನಮ್ಮ ಮನೆಮಾತಿನಲ್ಲಿ ಇರಲಿಲ್ಲ. ಅರ್ಧಕ್ಕರ್ಧ ನನಗೆ ಅರ್ಥವಾಗುತ್ತಿರಲಿಲ್ಲ. ಆದರೂ ಎದ್ದು ಹೋಗದೆ ಕುಳಿತಿರುತ್ತಿದ್ದೆನಲ್ಲ, ಅದೇಕೆ ಎಂದು ಕೇಳಿಕೊಂಡಾಗ ನನಗೆ ಸಿಕ್ಕ ಉತ್ತರವಿದು: ಅಲ್ಲಿ ಒಬ್ಬ ದೊಡ್ಡ ಮನುಷ್ಯರು ಪ್ರಶ್ನೆ ಕೇಳಿದವರನ್ನು ಗದರಿಸುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ “ಅಧಿಕಪ್ರಸಂಗ ಮಾಡಬೇಡ” ಎಂಬ ಮಾತು ಕೇಳಿ ಬೆಳೆಯುತ್ತಿದ್ದ ನನಗೆ ಅದು ಭಾಷೆ ಗೊತ್ತಿಲ್ಲದೆಯೂ ಅರ್ಥವಾಗಿತ್ತು. ನಿಮ್ಮ ನಿರೂಪಕರ ಬಗ್ಗೆಯೂ ಇಂಥ ಒಂದು ಕಾರಣ ಇದ್ದೇ ಇರುತ್ತದೆ. ಅದು ಸಿಗುವವರೆಗೂ ಬರೆಯುವುದನ್ನು ನಿಲ್ಲಿಸಬೇಡಿ.

ಒಬ್ಬೊಬ್ಬರನ್ನೇ ಕೇಳಿ

ಎರಡನೆಯ ಕೆಲಸ, ಜೊತೆಯಲ್ಲಿ ಕುಳಿತು ನೋಡಿದವರನ್ನು ಮಾತನಾಡಿಸುವುದು. ಹುತ್ತರಿಗೋ ಮದುವೆಗೋ ಎಲ್ಲರೂ ಸೇರಿದಾಗ ಕೇಳಿಬಿಡೋಣ ಎನ್ನಿಸುವುದು ಸಹಜ, ಆದರೆ ಹಾಗೆ ಮಾಡಬೇಡಿ. ಎಲ್ಲರೂ ಒಟ್ಟಿಗಿದ್ದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರನ್ನೇ, ಬಿಡುವಿನ ಹೊತ್ತಿನಲ್ಲಿ ಕೇಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಿರಿಯರಿಗೆ ಪುರುಸೊತ್ತು ಇರುವುದಿಲ್ಲ. ಮಳೆಗಾಲದ ಸಂಜೆ ಒಲೆಯ ಬಳಿ ಕುಳಿತಾಗ ಮಾತು ತಾನಾಗಿ ಹರಿಯುತ್ತದೆ. ಅನುಮತಿ ಕೇಳಿಕೊಂಡು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಜೋರಾಗಿದ್ದರೆ ಮೊಬೈಲನ್ನು ಮಾತನಾಡುವವರ ಮಡಿಲ ಹತ್ತಿರವೇ ಇಡಿ. “ನಿಮಗೆ ಅವರು ಇಷ್ಟವಾಗಿದ್ದರೇ?” ಎಂದು ಕೇಳಿದರೆ ‘ಹೌದು’ ಎಂಬ ಒಂದೇ ಪದ ಸಿಗುತ್ತದೆ. “ಟಿ.ವಿ. ಯಾವ ಮೂಲೆಯಲ್ಲಿತ್ತು?” ಎಂದು ಕೇಳಿದರೆ ಇಡೀ ಮನೆ ಎದ್ದು ಬರುತ್ತದೆ.

ಕೊಡಗಿನಲ್ಲಿ ಈ ಕೆಲಸ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ಒಂದೇ ಬೀದಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಮನೆಮಾತಾಗಿರುವ ಊರುಗಳು ನಮ್ಮಲ್ಲಿವೆ, ಮತ್ತು ಒಂದು ಕಾಲದಲ್ಲಿ ಇಷ್ಟೂ ಮನೆಗಳ ಮಕ್ಕಳು ಟಿ.ವಿ. ಇದ್ದ ಒಂದೇ ಮನೆಯ ಜಗಲಿಯಲ್ಲಿ ಸೇರುತ್ತಿದ್ದರು. ಅವರವರು ಅವರವರ ಮಾತಿನಲ್ಲಿ ಹೇಳಿದ್ದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅರ್ಥವನ್ನು ಪಕ್ಕದಲ್ಲಿ ಬರೆಯಿರಿ. ಎಲ್ಲವನ್ನೂ ನಿಮ್ಮ ಕನ್ನಡಕ್ಕೆ ತಿದ್ದಿಬಿಟ್ಟರೆ ಆ ಜಗಲಿ ಇಲ್ಲವಾಗುತ್ತದೆ.

ಇಸವಿಗಳನ್ನು ಸರಿಪಡಿಸಿಕೊಳ್ಳಿ, ಮೊದಲ ಬರಹವನ್ನು ತಿದ್ದಬೇಡಿ

ಮೂರನೆಯ ಹಂತದಲ್ಲಿ ಮಾತ್ರ ದಾಖಲೆಗಳ ಬಳಿಗೆ ಹೋಗಬೇಕು. ಪ್ರಸಾರ ಭಾರತಿ ತನ್ನ ಹಳೆಯ ಕಾರ್ಯಕ್ರಮಗಳಲ್ಲಿ ಹಲವನ್ನು ಯೂಟ್ಯೂಬ್‌ನಲ್ಲಿ ಹಾಕಿದೆ. ದಿನಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿರುವ ಗ್ರಂಥಾಲಯ ಸಿಕ್ಕಿದರೆ ‘ಇಂದಿನ ದೂರದರ್ಶನ’ದಂಥ ಅಂಕಣಗಳಲ್ಲಿ ಪ್ರಸಾರದ ದಿನವೂ ವೇಳೆಯೂ ದೊರಕುತ್ತವೆ. ಮನೆಯ ಹಳೆಯ ಫೋಟೊಗಳ ಹಿನ್ನೆಲೆಯಲ್ಲಿ ಟಿ.ವಿ. ಕಾಣಿಸಿದರೆ ಅದನ್ನೂ ಬಿಡಬೇಡಿ.

ಇಲ್ಲಿ ನನ್ನದೇ ಉದಾಹರಣೆ ಹೇಳಬೇಕು. 1995ರ ಅಕ್ಟೋಬರ್ 24ರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಉತ್ತರ ಭಾರತದಲ್ಲಿ ಅದು ಪೂರ್ಣಗ್ರಹಣ, ನಮ್ಮಲ್ಲಿ ಪಾರ್ಶ್ವಗ್ರಹಣ. ದೂರದರ್ಶನ ಅದನ್ನು ನೇರಪ್ರಸಾರ ಮಾಡಿತು. ನನ್ನ ಮೊದಲ ಬರಹದಲ್ಲಿ, ಅಂದು ಗ್ರಹಣವನ್ನು ವಿವರಿಸಿದವರು ಕಾರ್ನಾಡರು ಎಂದು ಯಾವ ಅನುಮಾನವೂ ಇಲ್ಲದೆ ಬರೆದಿದ್ದೆ. ಪರಿಶೀಲಿಸಿದಾಗ ಅದು ಯಶ್ ಪಾಲ್ ಎಂದು ತಿಳಿಯಿತು. ಅಕ್ಕನನ್ನು ಕೇಳಿದರೆ, ಕಾರ್ನಾಡರೆಂದರೆ ಅವಳಿಗೆ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಅಪ್ಪ, ವಿಜ್ಞಾನದ ಕಾರ್ಯಕ್ರಮ ನೆನಪಾದದ್ದು ನಾನು ಹೇಳಿದ ಮೇಲೆ. ನನ್ನ ಮನಸ್ಸಿನಲ್ಲಿ ಇಬ್ಬರು ಹಿರಿಯರು ಬೆರೆತು ಒಬ್ಬರೇ ಆಗಿದ್ದರು: ಕಾರ್ನಾಡರ ದನಿ, ಯಶ್ ಪಾಲರ ಮಾತು. ಮೊದಮೊದಲು ನಾನು ನಾಚಿಕೊಂಡು ಆ ಪುಟವನ್ನು ಹರಿದು ಹೊಸದಾಗಿ ಬರೆಯಲು ಹೊರಟೆ. ಈಗ ಹೇಳುತ್ತೇನೆ, ಹಾಗೆ ಮಾಡಬೇಡಿ. ಮೊದಲ ಬರಹವನ್ನು ಹಾಗೆಯೇ ಇಟ್ಟು, ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಿಂದ ಸರಿಯಾದ ಸಂಗತಿಯನ್ನು ಬರೆಯಿರಿ. ನಿಜ ಏನೆಂಬುದೂ ಉಳಿಯಬೇಕು, ಮಗು ಅದನ್ನು ಹೇಗೆ ಹಿಡಿದಿಟ್ಟುಕೊಂಡಿತ್ತು ಎಂಬುದೂ ಉಳಿಯಬೇಕು.

ಹುಡುಕುವಾಗ ನಿರೂಪಕರ ಉಳಿದ ಬದುಕನ್ನೂ ಸ್ವಲ್ಪ ಓದಿಕೊಳ್ಳಿ, ಆದರೆ ನೆನಪಿಗೆ ತಾಗುವಷ್ಟನ್ನು ಮಾತ್ರ ಸೇರಿಸಿ. ಯಶ್ ಪಾಲರಿಗೆ ಪದ್ಮವಿಭೂಷಣ ಬಂದದ್ದನ್ನು ನಾನು ಒಂದು ಸಾಲಿನಲ್ಲಿ ಮುಗಿಸಿದೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಮೊದಲ ನಿರ್ದೇಶಕರಾಗಿದ್ದ ಅವರು, 1975-76ರಲ್ಲಿ ಉಪಗ್ರಹದ ಮೂಲಕ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ತಲುಪಿಸಿದ ಪ್ರಯೋಗವನ್ನು ಮುನ್ನಡೆಸಿದವರು, ಆ ಹಳ್ಳಿಗಳಲ್ಲಿ ಕರ್ನಾಟಕದವೂ ಇದ್ದವು ಎಂದು ತಿಳಿದಾಗ ಮಾತ್ರ ಬಹಳ ಹೊತ್ತು ಸುಮ್ಮನೆ ಕುಳಿತೆ. ಪೆಟ್ಟಿಗೆಯೊಳಗೆ ಕಾಣಿಸಿದವರೇ ಹಳ್ಳಿಗೆ ಆ ಪೆಟ್ಟಿಗೆ ಬರುವ ದಾರಿಯನ್ನೂ ತೆರೆದವರು. ಅವರ ಅಧ್ಯಕ್ಷತೆಯ ಸಮಿತಿಯೇ 1993ರಲ್ಲಿ ಶಾಲಾ ಮಕ್ಕಳ ಕಲಿಕೆಯ ಹೊರೆ ಇಳಿಸಬೇಕೆಂದು ವರದಿ ಕೊಟ್ಟಿತು. ಆ ವರ್ಷ ನಾನು ಹೆಗಲು ಬಾಗುವಷ್ಟು ಭಾರದ ಚೀಲ ಹೊತ್ತು ಏರು ಹತ್ತಿ ಶಾಲೆಗೆ ಹೋಗುತ್ತಿದ್ದೆ. ಇವೆರಡೂ ನನ್ನ ಬರಹದಲ್ಲಿ ವಿವರವಾಗಿ ಸೇರಿದವು. ಅವರು 2017ರ ಜುಲೈ 24ರಂದು ತೀರಿಕೊಂಡಿದ್ದರು. ಆಗ ನಾನು ಏನನ್ನೂ ಬರೆದಿರಲಿಲ್ಲ ಎಂಬ ಕೊರಗು ಇಂದಿಗೂ ಇದೆ.

ಎರಡು ಕಡೆ ಇಡಿ

ಬರೆದದ್ದನ್ನು ಜೋಪಾನ ಮಾಡುವ ವಿಷಯದಲ್ಲಿ ಕೊಡಗಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಸುತ್ತಮುತ್ತ ಮನೆ ಕಳೆದುಕೊಂಡವರಲ್ಲಿ ಎಷ್ಟೋ ಮಂದಿಗೆ ಮನೆಯ ಜೊತೆಗೆ ಹಿರಿಯರ ಒಂದು ಫೋಟೊ ಕೂಡ ಉಳಿಯಲಿಲ್ಲ. ಕಾಗದದ ಪ್ರತಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಸಮೇತ ಇಡಿ. ಮಳೆಗಾಲದಲ್ಲಿ ಇಲ್ಲಿಯ ಕಪಾಟುಗಳಲ್ಲಿಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು. ಪ್ರತಿ ಪುಟದ ಫೋಟೊ ತೆಗೆದು, ಧ್ವನಿಮುದ್ರಣಗಳೊಂದಿಗೆ, ಬೇರೆ ಊರಿನಲ್ಲಿರುವ ಒಬ್ಬರಿಗೆ ಕಳುಹಿಸಿ. ಹಂಚುವಾಗ ಮನೆಯವರ ಒಪ್ಪಿಗೆ ಇರಲಿ.

ಮಕ್ಕಳ ಮುಂದೆ ನೆನೆಯುವುದು

ಕೊನೆಯ ಕೆಲಸವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಆ ನಿರೂಪಕರನ್ನು ಎಂದೂ ನೋಡಿರದ ಮಕ್ಕಳನ್ನು ಒಂದು ಸಂಜೆ ಸೇರಿಸಿ. ಹಳೆಯ ವಿಡಿಯೊ ಇದ್ದರೆ ಐದು ನಿಮಿಷಕ್ಕಿಂತ ಹೆಚ್ಚು ತೋರಿಸಬೇಡಿ. ನಿಮಗೆ ಕಣ್ಣೀರು ಬರಿಸುವ ದೃಶ್ಯ ಅವರಿಗೆ ಮಸುಕಾದ ಚಿತ್ರವಷ್ಟೇ. ಅದರ ಬದಲು, ಆ ನಿರೂಪಕರು ಏನು ಮಾಡುತ್ತಿದ್ದರೋ ಅದನ್ನೇ ನೀವೂ ಮಾಡಿ. ಅವರು ಕಥೆ ಹೇಳುತ್ತಿದ್ದರೆ ಒಂದು ಕಥೆ ಹೇಳಿ. ಕಾಗದ ಮಡಚಿ ಗೊಂಬೆ ಮಾಡುತ್ತಿದ್ದರೆ ಕಾಗದ ತನ್ನಿ. ನಮ್ಮವರು ಪ್ರಶ್ನೆ ಎತ್ತಿಕೊಳ್ಳುತ್ತಿದ್ದರು. ನಾನು ಪ್ರಶ್ನೆಯನ್ನೇ ಎತ್ತಿಕೊಂಡೆ.

ಅದಕ್ಕೊಂದು ಹಿನ್ನೆಲೆಯಿದೆ. 1995ರ ಗ್ರಹಣದ ಬೆಳಿಗ್ಗೆ ಅಜ್ಜಿ ನೀರಿನ ಹಂಡೆಗೂ ಮೊಸರಿನ ಗಡಿಗೆಗೂ ದರ್ಭೆ ಹಾಕಿ, ಯಾರೂ ಹೊರಗೆ ಕಾಲಿಡಕೂಡದೆಂದು ಬಾಗಿಲು ಹಾಕಿದ್ದರು. ಟಿ.ವಿ.ಯಲ್ಲಿ ಯಶ್ ಪಾಲರು ಹೆದರಬೇಕಾದದ್ದೇನೂ ಇಲ್ಲವೆಂಬ ಧಾಟಿಯಲ್ಲಿ ಶಾಂತವಾಗಿ ಮಾತನಾಡುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ಹೊರಗೆ ಜಾರಿದೆ. ಸೂರ್ಯನನ್ನು ನೋಡುವ ಧೈರ್ಯವಾಗದೆ ತಲೆ ತಗ್ಗಿಸಿ ನಿಂತಿದ್ದೆ. ಹಲಸಿನ ಮರದ ಕೆಳಗೆ, ಸಗಣಿ ಸಾರಿಸಿದ ನೆಲದ ಮೇಲೆ, ದಿನವೂ ದುಂಡಗೆ ಬೀಳುತ್ತಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ನೂರಾರು ಸಣ್ಣ ಕುಡುಗೋಲುಗಳು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಒಳಗೆ ಬಂದವಳೇ 15 ಪೈಸೆಯ ಅಂಚೆ ಕಾರ್ಡಿನಲ್ಲಿ ಯಶ್ ಪಾಲರಿಗೆ ಪ್ರಶ್ನೆ ಬರೆದೆ: ಎಲೆಗಳ ಸಂದಿ ಒಂದೊಂದೂ ಒಂದೊಂದು ಆಕಾರದಲ್ಲಿರುವಾಗ ಬೆಳಕಿನ ಚುಕ್ಕೆ ಮಾತ್ರ ಎಲ್ಲ ದಿನವೂ ದುಂಡಗೆ, ಇಂದು ಮಾತ್ರ ಕುಡುಗೋಲಿನಂತೆ, ಏಕೆ? ವಿಳಾಸ ಗೊತ್ತಿರಲಿಲ್ಲವಾದ್ದರಿಂದ ಕಾರ್ಡು ಅಂಚೆಗೆ ಬೀಳಲಿಲ್ಲ.

ಕಾರ್ನಾಡರು ಹೋದ ಅದೇ ವರ್ಷ, 2019ರ ಡಿಸೆಂಬರ್ 26ರಂದು, ದಕ್ಷಿಣ ಕೊಡಗಿನ ಕುಟ್ಟದ ಸುತ್ತಮುತ್ತ ಕಂಕಣ ಸೂರ್ಯಗ್ರಹಣ ಕಾಣಿಸಿತು. ಅಕ್ಕನ ಮಗಳನ್ನು ಕರೆದುಕೊಂಡು ಹಿಂದಿನ ದಿನವೇ ಅಲ್ಲಿಯ ನೆಂಟರ ಮನೆಗೆ ಹೋಗಿದ್ದೆ. ಗ್ರಹಣದ ಕನ್ನಡಕ ಹಾಕಿಕೊಂಡು ಬೆಂಕಿಯ ಬಳೆಯನ್ನು ನೋಡಿದೆವು; ಆಮೇಲೆ ಕಾಫಿ ಒಣಗಿಸುವ ಕಣದ ಅಂಚಿನ ಮರದ ಕೆಳಗೆ ಅವಳನ್ನು ನಿಲ್ಲಿಸಿ ನೆಲ ತೋರಿಸಿದೆ. ಈ ಬಾರಿ ಹರಡಿದ್ದ ಹಣ್ಣುಕಾಫಿಯ ಮೇಲೆ ಬಿದ್ದದ್ದು ಸಣ್ಣ ಸಣ್ಣ ಬಳೆಗಳು. ಅವಳು ಕೇಳಿದ್ದು ಅಂಚೆಗೆ ಬೀಳದ ನನ್ನ ಕಾರ್ಡಿನಲ್ಲಿದ್ದದ್ದೇ.

ಆದ್ದರಿಂದ ನಮ್ಮ ಸ್ಮರಣೆಯ ಸಂಜೆಯನ್ನು ಸಂಜೆಗೆ ಇಡದೆ ಬಿಸಿಲಿರುವ ಬೆಳಿಗ್ಗೆಗೆ ಇಟ್ಟುಕೊಂಡೆವು. ಆರು ಮಕ್ಕಳಿಗೆ ಆರು ರಟ್ಟಿನ ತುಂಡು ಕೊಟ್ಟು, ಒಬ್ಬೊಬ್ಬರು ಒಂದೊಂದು ಆಕಾರದ ಸಣ್ಣ ತೂತು ಮಾಡುವಂತೆ ಹೇಳಿದೆ: ಚೌಕ, ತ್ರಿಕೋನ, ಉದ್ದ, ಓರೆ. ರಟ್ಟನ್ನು ಬಿಸಿಲಿಗೆ ಹಿಡಿದು, ನೆರಳಿನಲ್ಲಿಟ್ಟ ಬಿಳಿ ಕಾಗದದ ಮೇಲೆ ಬೆಳಕು ಬೀಳುವಂತೆ ಮಾಡಿ, ರಟ್ಟನ್ನು ನಿಧಾನವಾಗಿ ಹಿಂದಕ್ಕೆ ಒಯ್ಯಬೇಕು. ಹತ್ತಿರದಲ್ಲಿ ಚೌಕದಿಂದ ಚೌಕವೇ ಬೀಳುತ್ತದೆ. ದೂರ ಹೋದಂತೆ ಮೂಲೆಗಳು ಕರಗಿ, ನಾಲ್ಕಾರು ಅಡಿ ದಾಟುವಷ್ಟರಲ್ಲಿ ಎಲ್ಲ ತೂತುಗಳ ಬೆಳಕೂ ದುಂಡಗಾಗುತ್ತದೆ. ಏಕೆಂದರೆ ಅಲ್ಲಿ ಕಾಣುವುದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಸೂರ್ಯನನ್ನು ನೇರವಾಗಿ ನೋಡದಂತೆ ಮಕ್ಕಳಿಗೆ ಮೊದಲೇ ಎಚ್ಚರಿಕೆ ಹೇಳಿರಬೇಕು. ಉತ್ತರವನ್ನು ನೀವು ಹೇಳಲು ಆತುರಪಡಬೇಡಿ. ನಮ್ಮಲ್ಲಿ ತ್ರಿಕೋನ ಮಾಡಿದ್ದ ಹುಡುಗ ಮೂರು ಸಲ ರಟ್ಟನ್ನು ತಿರುಗಿಸಿ ತೂತು ನೋಡಿಕೊಂಡು, ನಾಲ್ಕನೆಯ ಸಲ “ಇದು ಸೂರ್ಯನೇ” ಎಂದ.

ಆ ಆರು ರಟ್ಟುಗಳನ್ನೂ, ಅಂದು ಮಕ್ಕಳು ಬರೆದುಕೊಟ್ಟ ಹೊಸ ಪ್ರಶ್ನೆಗಳ ಹಾಳೆಯನ್ನೂ ನೆನಪಿನ ನೋಟ್‌ಪುಸ್ತಕದ ಜೊತೆಗೆ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.