ಮಗಳ ಗ್ರಾಫ್ ಕ್ಯಾಲ್ಕುಲೇಟರ್, ನಾನು ಮರೆತಿದ್ದ ಸ್ಕೇಲ್

ಮಗಳು ಒಂಬತ್ತನೇ ಗ್ರೇಡಿಗೆ ಬಂದ ವರ್ಷ ನಮ್ಮ ಮನೆಗೆ ಒಂದು ಟಿಐ-84 ಪ್ಲಸ್ ಗ್ರಾಫ್ ಕ್ಯಾಲ್ಕುಲೇಟರ್ ಬಂತು. ಸೆಕೆಂಡ್ ಹ್ಯಾಂಡ್, ಕಪ್ಪು-ಬಿಳುಪು ಸ್ಕ್ರೀನಿನದು, ನಾಲ್ಕು ಸಣ್ಣ ಸೆಲ್ ಹಾಕಬೇಕು. ನಾವಿರುವುದು ಡಾಲಸ್ ಹತ್ತಿರ, ಅದನ್ನು ಮಾಡುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಡಾಲಸ್‌ನದೇ. ಇಲ್ಲಿ ಆಲ್ಜೀಬ್ರಾ ಕ್ಲಾಸಿಗೆ ಇದು ಜಾಮಿಟ್ರಿ ಬಾಕ್ಸ್ ಇದ್ದ ಹಾಗೆ, ಇರಲೇಬೇಕು. ನಾನೋ, ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಗೆ ಕ್ಯಾಲ್ಕುಲೇಟರ್ ಬಿಡದ ಕಡೆಯಿಂದ ಬಂದವನು, ಲಾಗ್ ಬೇಕು ಅಂದರೆ ಕ್ಲಾರ್ಕ್ಸ್ ಟೇಬಲ್ ಅನ್ನುವ ಕೋಷ್ಟಕಗಳ ಪುಸ್ತಕ ತಿರುವಿ ಹಾಕಿದವನು. ಇದೇನು ಕಾಪಿ ಹೊಡೆಯೋ ಮೆಷಿನ್ನಾ ಅಂತ ಮೂಗು ಮುರಿದಿದ್ದೆ.

ಆದರೆ ಹೋಮ್‌ವರ್ಕ್ ಹೇಳಿಕೊಡಬೇಕಲ್ಲ. ಒಂದು ಸಂಜೆ ಕಲಿತೆ. ‘ವೈ ಈಕ್ವಲ್ಸ್’ ಬಟನ್ ಒತ್ತಿ ಸಮೀಕರಣ ಹಾಕು, ಝೂಮ್ ಒತ್ತಿ 6 ಒತ್ತು, ಗ್ರಾಫ್ ಬರುತ್ತದೆ. ಆಮೇಲೆ ‘ಸೆಕೆಂಡ್’, ‘ಟ್ರೇಸ್’, ಅಲ್ಲಿ ‘ಝೀರೋ’. ಮೂಲದ (ಗೆರೆ ಎಕ್ಸ್ ಅಕ್ಷವನ್ನು ಸೇರುವ ಜಾಗ, ಅದೇ ಉತ್ತರ) ಎಡಕ್ಕೊಂದು ಕಡೆ, ಬಲಕ್ಕೊಂದು ಕಡೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಉತ್ತರ. ಎಷ್ಟು ಸುಲಭ ಅಲ್ವಾ?

ಮಾರನೇ ವಾರ ಟೆಸ್ಟಿನಲ್ಲಿ ಎಕ್ಸ್² − 5ಎಕ್ಸ್ − 84 = 0 ಬಂತು. ನಾನು ಹೇಳಿಕೊಟ್ಟ ಹಾಗೇ ಮಾಡಿದಳು. ಸ್ಕ್ರೀನ್ ಮೇಲೆ ಕಡಿದಾದ ಒಂದೇ ಒಂದು ಗೆರೆ, ಉತ್ತರ −7. ಅರ್ಧ ಮಾರ್ಕ್ಸ್ ಹೋಯಿತು. "ಅಪ್ಪಾ, ಇನ್ನೊಂದು 12 ಅಂತೆ, ಅದು ಎಲ್ಲಿತ್ತು?" ಅಂದಳು. ತಪ್ಪು ಅವಳದ್ದಲ್ಲ, ನನ್ನದು. ಝೂಮ್ 6 ಅಂದರೆ ಎಕ್ಸ್ −10ರಿಂದ 10, ವೈ ಕೂಡ −10ರಿಂದ 10, ಅಷ್ಟೇ. 12 ಅದರ ಆಚೆ ಇದೆ, ಇನ್ನು ವಕ್ರರೇಖೆಯ ತಳವಂತೂ −90ರಷ್ಟು ಕೆಳಗೆ. ಅವಳು ನೋಡಿದ್ದು ಇಡೀ ಪರವಲಯದ ಒಂದು ಚೂರು.

ಆವತ್ತು ರಾತ್ರಿ ನನಗೆ ನಮ್ಮ ಎಸ್ಸೆಸ್ಸೆಲ್ಸಿಯ ನಾಲ್ಕು ಮಾರ್ಕ್ಸಿನ ಗ್ರಾಫ್ ಪ್ರಶ್ನೆ ನೆನಪಾಯಿತು. ಹಳೇ ಸಿಲಬಸ್‌ನವರಿಗೆ ಗೊತ್ತಿರುತ್ತದೆ: ವೈ = ಎಕ್ಸ್² ಅಂತ ಒಂದು, ವೈ = 2 − ಎಕ್ಸ್ ಅಂತ ಇನ್ನೊಂದು ಎಳೆದು, ಅವು ಸೇರುವ ಜಾಗದಿಂದ ಎಕ್ಸ್² + ಎಕ್ಸ್ − 2 = 0 ಬಿಡಿಸುವುದು. ಮೊದಲು ಕೋಷ್ಟಕ, ಆಮೇಲೆ ಶೀಟಿನ ಮೂಲೆಯಲ್ಲಿ ‘ಸ್ಕೇಲ್: 1 ಸೆಂ.ಮೀ. = 1 ಮಾನ’, ಕೊನೆಗೆ ಗೆರೆ. ಸ್ಕೇಲ್ ಬರೆಯದಿದ್ದರೆ ಮೇಷ್ಟ್ರು ಬಿಡುತ್ತಿರಲಿಲ್ಲ. ಮೆಷಿನ್ ಮುಂದೆ ಕೂತ ತಕ್ಷಣ ನಾನು ಅದೇ ಹೆಜ್ಜೆ ಬಿಟ್ಟಿದ್ದೆ! ‘ವಿಂಡೋ’ ಬಟನ್ ಅಂದರೆ ಅದೇ ಸ್ಕೇಲ್, ‘ಟೇಬಲ್’ ಅಂದರೆ ಅದೇ ಕೋಷ್ಟಕ, ‘ಇಂಟರ್ಸೆಕ್ಟ್’ ಅಂದರೆ ಅದೇ ನಾಲ್ಕು ಮಾರ್ಕ್ಸಿನ ಪ್ರಶ್ನೆ.

ಅಲ್ಲಿಂದ ಕ್ರಮ ಬದಲಾಯಿಸಿದೆವು. ಸಮೀಕರಣ ಹಾಕಿದ ಮೇಲೆ ಗ್ರಾಫ್ ಒತ್ತುವ ಹಾಗಿಲ್ಲ, ಮೊದಲು ‘ಸೆಕೆಂಡ್’ ಒತ್ತಿ ‘ಗ್ರಾಫ್’, ಅಂದರೆ ಟೇಬಲ್. ಕೆಳಗೆ ಮೇಲೆ ಹೋಗಿ ವೈ ಎಲ್ಲಿ ಚಿಹ್ನೆ ಬದಲಿಸುತ್ತದೆ, ಎಲ್ಲಿ ತೀರಾ ಕೆಳಗಿಳಿಯುತ್ತದೆ ಅಂತ ನೋಡು. ಈ ಲೆಕ್ಕದಲ್ಲಿ 2ಕ್ಕೂ −90, 3ಕ್ಕೂ −90, ಹಾಗಾದರೆ ತಳ ಅವೆರಡರ ನಡುವೆ. ಆಮೇಲೆ ವಿಂಡೋ: ಎಕ್ಸ್ −15ರಿಂದ 20, ವೈ −100ರಿಂದ 50. ಆಗ ಎರಡೂ ಮೂಲಗಳು ಕಣ್ಣೆದುರಿಗೆ.

ಬೇರೆ ಕಿರಿಕಿರಿಗಳೂ ಇವೆ. ಋಣ ಸಂಖ್ಯೆಗೆ ಒಂದು ಬಟನ್, ಕಳೆಯುವುದಕ್ಕೆ ಇನ್ನೊಂದು. ಅದಲು ಬದಲಾದರೆ ‘ಸಿಂಟ್ಯಾಕ್ಸ್ ಎರರ್’. ಮೊದಲ ತಿಂಗಳು ಇದನ್ನೇ ಎಷ್ಟು ಸಲ ನೋಡಿದೆವೋ. ಎಕ್ಸ್² − 6ಎಕ್ಸ್ + 9 = 0 ತರಹದ್ದಕ್ಕೆ ‘ಝೀರೋ’ ಕೈ ಕೊಡುತ್ತದೆ, ಯಾಕೆಂದರೆ ಗೆರೆ ಅಕ್ಷವನ್ನು ದಾಟುವುದೇ ಇಲ್ಲ, ಸುಮ್ನೆ ಮುಟ್ಟಿ ವಾಪಸ್ ಹೋಗುತ್ತದೆ. ಅಲ್ಲಿ ‘ಮಿನಿಮಮ್’ ಬಳಸಬೇಕು, 3ರ ಬದಲು 2.999 ಚಿಲ್ಲರೆ ಬಂದರೂ ಗಾಬರಿ ಬೇಡ. ಇನ್ನು 3ಎಕ್ಸ್² = 2 ಕೊಟ್ಟರೆ ಧನ ಮೂಲ 0.8164965809 ಅನ್ನುತ್ತದೆ. ಟೀಚರ್‌ಗೆ ಬೇಕಿರುವುದು √6/3, ಅದನ್ನು ಕೈಯಲ್ಲೇ ಮಾಡಬೇಕು. ಅಪವರ್ತನ, ಸೂತ್ರ ಇವನ್ನೆಲ್ಲ ಬಿಟ್ಟುಬಿಡು ಅಂತ ನಾನು ಹೇಳಲಿಲ್ಲ. ಮೊದಲು ನೋಟ್‌ಬುಕ್ಕಿನಲ್ಲಿ ಮಾಡು, ಆಮೇಲೆ ಮೆಷಿನ್ನಿನಲ್ಲಿ ತಾಳೆ ನೋಡು ಅಂತ ನನ್ನ ಹಠ. ಅವಳು ಒಂದೊಂದು ದಿನ ಉಲ್ಟಾ ಮಾಡುತ್ತಾಳೆ, ಗೊತ್ತು.

ಈಗ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆ ಕಂಪ್ಯೂಟರ್ ಮೇಲೆಯೇ ನಡೆಯುತ್ತದೆ, 2024ರಿಂದ ಇಲ್ಲಿಯ ಮಕ್ಕಳಿಗೂ, ಅದರೊಳಗೇ ಡೆಸ್ಮೋಸ್ ಅನ್ನುವ ಗ್ರಾಫ್ ಕ್ಯಾಲ್ಕುಲೇಟರ್ ಇದೆ. ಬೆರಳಲ್ಲಿ ಎಳೆದರೆ ಸ್ಕೇಲ್ ಬದಲಾಗುತ್ತದೆ, ಸೇರುವ ಬಿಂದು ತಾನೇ ತೋರಿಸುತ್ತದೆ. ಆರಾಮ. ಆದರೆ ಎಲ್ಲಿಗೆ ಎಳೆಯಬೇಕು ಅಂತ ಗೊತ್ತಿರಬೇಕು.

ಮೊನ್ನೆ ಅವಳಿಗೆ 2ರ ಘಾತ ಎಕ್ಸ್ = ಎಕ್ಸ್² ಕೊಟ್ಟೆ. "2 ಮತ್ತು 4" ಅಂತ ಬಾಯಲ್ಲೇ ಹೇಳಿಬಿಟ್ಟಳು. ಝೂಮ್ 6ರಲ್ಲಿ ನೋಡು ಅಂದೆ. 4 ಕಾಣಲೇ ಇಲ್ಲ, ಅಲ್ಲಿ ವೈ 16 ಅಲ್ವಾ. ಆದರೆ ಎಡಗಡೆ ಇನ್ನೊಂದು ಜಾಗದಲ್ಲಿ ಗೆರೆಗಳು ಸೇರುತ್ತಿದ್ದವು. ಕರ್ಸರ್ ಅದರ ಹತ್ತಿರ ಒಯ್ದು ‘ಇಂಟರ್ಸೆಕ್ಟ್’ ಒತ್ತಿದಳು: −0.7666647. "ಇದನ್ನ ಕೈಯಲ್ಲಿ ಹೇಗೆ ಮಾಡ್ತಾರೆ ಅಪ್ಪಾ?" ಅಂತ ಕೇಳಿ ಮಲಗಲು ಹೋದಳು. ನಾನು ಪೇಪರ್ ತೆಗೆದುಕೊಂಡು ಕೂತೆ. ಎರಡೂ ಕಡೆ ಲಾಗ್ ತೆಗೆದುಕೊಂಡರೂ ಎಕ್ಸ್ ಎರಡೂ ಕಡೆ ಉಳಿಯುತ್ತದೆ. ಹನ್ನೊಂದೂವರೆಗೆ ಲೈಟ್ ಆರಿಸಿದೆ.