ಬಳ್ಳಾರಿ ಗರಸಿನಲ್ಲಿ ಕಲಿತ ಗೋಲ್‌ಕೀಪಿಂಗ್: ನನ್ನ ಅನುಭವ

ಮಗನನ್ನು ಗೋಲ್‌ಕೀಪರ್ ಮಾಡಿ ಅಂತ ಕರೆದುಕೊಂಡು ಬಂದ ಅಪ್ಪ-ಅಮ್ಮ ನನಗೆ ಇನ್ನೂ ಸಿಕ್ಕಿಲ್ಲ. ಎಲ್ಲರಿಗೂ ಗೋಲ್ ಹೊಡೆಯುವ ಮಗನೇ ಬೇಕು. ಗಲ್ಲಿಯಲ್ಲಿ ಎಲ್ಲರಿಗಿಂತ ಚಿಕ್ಕವನನ್ನೋ, ಓಡೋಕೆ ಬಾರದವನನ್ನೋ ಹಿಡಿದು "ಲೇ, ನೀ ಗೋಲ್‌ಗೆ ನಿಂದ್ರಲೇ" ಅಂತ ಎರಡು ಕಲ್ಲಿನ ಮಧ್ಯೆ ನಿಲ್ಲಿಸುತ್ತಾರಲ್ಲ, ನಮ್ಮ ಕಡೆ ಗೋಲ್‌ಕೀಪರ್ ಹುಟ್ಟೋದೇ ಹಾಗೆ. ನಾನೂ ಹಾಗೇ ಆದವನು. ದೊಡ್ಡ ಹುಡುಗರ ಜೊತೆ ಆಡಬೇಕು ಅಂದರೆ ನನಗೆ ಇದ್ದದ್ದು ಆ ಒಂದೇ ಜಾಗ. ಆಮೇಲೆ ಎತ್ತರ ಬಂತು, ಬೇರೆ ಜಾಗ ಸಿಗುತ್ತಿತ್ತು, ಆದರೆ ಅಷ್ಟರಲ್ಲಿ ಅಲ್ಲೇ ರುಚಿ ಹತ್ತಿತ್ತು.

ಮುಂದೆ ಅದರಿಂದಲೇ ಹೊಟ್ಟೆ ತುಂಬಿಸಿಕೊಂಡೆ. ದೊಡ್ಡ ಹೆಸರೇನೂ ಅಲ್ಲ. ಟಿವಿಯಲ್ಲಿ ಕಾಣಿಸಿದ್ದೇ ಕಡಿಮೆ, ಕಾಣಿಸಿದಾಗಲೂ ಬೆಂಚ್ ಮೇಲೆ ಕೂತವನು. ಆದರೂ ಈ ಕೆಲಸ ಒಳಗಿನಿಂದ ಹೇಗಿರುತ್ತೆ ಅಂತ ಕೇಳುವವರು ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನೆಲದ ವಿಷಯ. ಬಳ್ಳಾರಿಯಲ್ಲಿ ನಾವು ಆಡಿದ ಮೈದಾನಗಳಲ್ಲಿ ಹುಲ್ಲು ಅನ್ನೋದು ಮಳೆಗಾಲದಲ್ಲಿ ಮೂಲೆಯಲ್ಲಿ ಒಂದಿಷ್ಟು ಕಂಡರೆ ಕಂಡಿತು. ಉಳಿದದ್ದೆಲ್ಲ ಕೆಂಪು ಗರಸು. ಗೋಲ್ ಮುಂದಿನ ಜಾಗವಂತೂ ತುಳಿದು ತುಳಿದು ಸಿಮೆಂಟಿನಷ್ಟು ಗಟ್ಟಿ, ಮೇಲೆ ಸಣ್ಣ ಕಲ್ಲು ಬೇರೆ. ಅಲ್ಲಿ ಒಂದು ಸಲ ಡೈವ್ ಹೊಡೆದರೆ ಸೊಂಟದ ಪಕ್ಕ ಅಂಗೈಯಷ್ಟು ಚರ್ಮ ಹೋಗುತ್ತಿತ್ತು. ರಾತ್ರಿ ಮಗ್ಗುಲು ಬದಲಿಸುವಾಗ ಚಾಪೆಗೆ ಅಂಟಿಕೊಳ್ಳುತ್ತಿತ್ತು. ಅರಿಶಿನ ಹಚ್ಚಿಕೊಂಡು ಮರುದಿನ ಮತ್ತೆ ಹೋಗಿ ಅದರ ಮೇಲೇ ಬೀಳೋದು.

ಪಕ್ಕದ ಮನೆ ಅಕ್ಕ ಜೀನ್ಸ್ ಹೊಲಿಯುವ ಯೂನಿಟ್‌ಗೆ ಹೋಗುತ್ತಿದ್ದರು. ಬಳ್ಳಾರಿಯಲ್ಲಿ ಆ ಕೆಲಸ ಎಷ್ಟು ಮನೆ ನಡೆಸುತ್ತೆ ಅಂತ ನಿಮಗೆ ಗೊತ್ತೇ ಇದೆ. ನನ್ನ ಸ್ಥಿತಿ ನೋಡಿ, ಕಟಿಂಗ್‌ನಲ್ಲಿ ಉಳಿದ ಡೆನಿಮ್ ತುಂಡು ತಂದು, ಒಳಗೆ ಹಳೇ ಸೀಟಿನ ಸ್ಪಂಜು ಇಟ್ಟು, ಟ್ರ್ಯಾಕ್ ಪ್ಯಾಂಟಿನ ಎರಡೂ ಪಕ್ಕಕ್ಕೆ ಡಬಲ್ ಹೊಲಿಗೆ ಹಾಕಿ ಕೊಟ್ಟರು. ಮೊಣಕೈಗೂ ಒಂದೊಂದು. ನಡೆದರೆ ಸೊಂಟದಲ್ಲಿ ಎರಡು ಚೀಲ ನೇತುಹಾಕಿಕೊಂಡ ಹಾಗೆ ಕಾಣುತ್ತಿತ್ತು, ಹುಡುಗರು ನಕ್ಕಿದ್ದೇ ನಕ್ಕಿದ್ದು. ಮುಂದೆ ಕಂಪನಿ ಪ್ಯಾಡೆಡ್ ಪ್ಯಾಂಟ್ ಕೈಗೆ ಬಂದಾಗ ಅದರ ಸ್ಪಂಜು ಮುಟ್ಟಿ ನೋಡಿದೆ. ಅಕ್ಕ ಇಟ್ಟಿದ್ದಷ್ಟು ದಪ್ಪ ಇರಲಿಲ್ಲ.

ಆ ನೆಲದಿಂದ ಒಂದು ಲಾಭವೂ ಆಯಿತು. ಬಿದ್ದರೆ ನೋವು ಗ್ಯಾರಂಟಿ ಅಂದಮೇಲೆ ಬೀಳದೆ ಬಾಲ್ ಹಿಡಿಯೋದು ಹೇಗೆ ಅಂತ ತಲೆ ಓಡುತ್ತೆ. ಗೋಲ್ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೆರೆಯ ಮೇಲೆ ಮಧ್ಯದಲ್ಲಿ ನಿಂತರೆ ಒಂದೊಂದು ಕಡೆ 3.66 ಮೀಟರ್ ಕಾಯಬೇಕು, ಅದು ನಿಂತಲ್ಲಿಂದ ಆಗುವ ಮಾತಲ್ಲ. ಆದರೆ ಬಾಲ್‌ನಿಂದ ಗೋಲ್ ಮಧ್ಯಕ್ಕೆ ಒಂದು ಗೆರೆ ಎಳೆದ ಹಾಗೆ ಅಂದುಕೊಂಡು, ಆ ಗೆರೆಯ ಮೇಲೇ ನಾಲ್ಕು ಹೆಜ್ಜೆ ಮುಂದೆ ಬನ್ನಿ. ಹೊಡೆಯುವವನಿಗೆ ಕಾಣುವ ಗೋಲ್ ಸಣ್ಣದಾಗುತ್ತೆ. ಜಾಸ್ತಿ ಬಂದರೆ ತಲೆ ಮೇಲಿಂದ ಎತ್ತಿ ಹಾಕುತ್ತಾನೆ. ಎಷ್ಟು ಬರಬೇಕು, ಎಲ್ಲಿ ನಿಲ್ಲಬೇಕು, ಈ ಲೆಕ್ಕವೇ ಅರ್ಧ ಗೋಲ್‌ಕೀಪಿಂಗ್ ಅಂತ ನಾನು ಈಗಲೂ ಹೇಳುತ್ತೇನೆ.

ನಮ್ಮ ಗ್ರೌಂಡಿನಲ್ಲಿ ಸುಣ್ಣದ ಗೆರೆ ಇರುತ್ತಿರಲಿಲ್ಲ. ಆಟ ಶುರುವಾಗುವ ಮೊದಲು ಗೋಲ್ ಮಧ್ಯದಿಂದ ಮುಂದಕ್ಕೆ ಹಿಮ್ಮಡಿಯಿಂದ ಒಂದು ಗೀರು ಎಳೆದುಕೊಳ್ಳುತ್ತಿದ್ದೆ. ಹಿಂದೆ ತಿರುಗಿ ನೋಡದೆ ಕಾಲ ಕೆಳಗೆ ನೋಡಿದರೆ ಸಾಕು, ಎಲ್ಲಿದ್ದೇನೆ ಅಂತ ಗೊತ್ತಾಗುತ್ತಿತ್ತು. ಗಾಳಿ ಬಂದು ಧೂಳು ಮುಚ್ಚಿದರೆ ಮತ್ತೆ ಎಳೆಯೋದು.

ಬೆಂಗಳೂರಿಗೆ ಹೋಗಿದ್ದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ಟ್ರಯಲ್ಸ್‌ಗೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ನೋಡಿದಾಗಲೇ ಎದೆ ಹೊಡೆದುಕೊಂಡಿತು. ಅಲ್ಲಿಯ ಹುಡುಗರು ಪ್ರತಿ ಬಾಲ್‌ಗೂ ಹಾರುತ್ತಿದ್ದರು, ನೋಡೋಕೆ ಚೆಂದ. ನಾನು ಹಾರುತ್ತಿರಲಿಲ್ಲ. ಕೋಚ್ ಮೊದಲ ದಿನ "ಬಳ್ಳಾರಿ, ನಿನಗೆ ಭಯಾನಾ?" ಅಂದರು. ಎರಡು ದಿನ ಸುಮ್ನೆ ಗೋಲ್ ಹಿಂದೆ ನಿಂತು ನೋಡಿ, ಆಮೇಲೆ ಹೇಳಿದ್ದು: "ಇವನಿಗೆ ಹಾರೋ ಹಂಗೆ ಬಾಲ್ ಬರೋದೇ ಇಲ್ಲ, ಎಲ್ಲ ಎದೆಗೇ ಬರ್ತದೆ." ಅದು ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟ್.

ಬೀಳಲೇಬೇಕಾದಾಗ ಹೇಗೆ ಬೀಳಬೇಕು ಅನ್ನೋದನ್ನು ಮಾತ್ರ ಅಲ್ಲೇ ಕಲಿತೆ. ಮೊಣಕೈ ಊರಿ ಬೀಳಬಾರದು, ಭುಜ ಹೋಗುತ್ತೆ. ತೊಡೆ, ಸೊಂಟ, ಪಕ್ಕೆ, ತೋಳು, ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗಬೇಕು. ಒಂದು ಕೈ ಬಾಲ್ ಹಿಂದೆ, ಒಂದು ಕೈ ಮೇಲೆ. ಬಾಲನ್ನು ನೆಲಕ್ಕೆ ಒತ್ತಿ ಹಿಡಿದರೆ ಜಾರೋದಿಲ್ಲ. ಇದಕ್ಕೂ ಮೊದಲಿನ ಒಂದು ಕ್ಷಣ ಇದೆ. ಎದುರಿನವನು ಕಾಲು ಎತ್ತುವಾಗ ಸಣ್ಣಗೆ ಒಂದು ಕುಪ್ಪಳಿಸು, ಅವನ ಕಾಲು ಬಾಲ್‌ಗೆ ತಾಗುವ ಹೊತ್ತಿಗೆ ನಿಮ್ಮ ಎರಡೂ ಪಾದ ನೆಲದ ಮೇಲಿರಬೇಕು, ಭಾರ ಮುಂಗಾಲಿನ ಮೇಲೆ. ನಡೆಯುತ್ತಿರುವಾಗ, ಒಂದು ಕಾಲು ಗಾಳಿಯಲ್ಲಿ ಇರುವಾಗ ಬಾಲ್ ಬಂದರೆ ಆ ಕಡೆಗೆ ತಳ್ಳೋಕೆ ಕಾಲೇ ಇರೋದಿಲ್ಲ. ಟಿವಿಯಲ್ಲಿ ಇನ್ನು ಮೇಲೆ ಗೋಲ್ ಆದಾಗ ಕೀಪರ್ ಕೈ ನೋಡಬೇಡಿ, ಪಾದ ನೋಡಿ.

ಆಮೇಲೆ ಕೂಗೋದು. ನಾನು ಮಾತು ಕಡಿಮೆ ಇರುವ ಮನುಷ್ಯ, ಇದು ನನಗೆ ಡೈವ್‌ಗಿಂತ ಕಷ್ಟ ಆಯಿತು. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಲಸಿ ಕೂಗಿದರೂ ನಡೆಯುತ್ತಿತ್ತು. ಬೆಂಗಳೂರಿನ ಟೀಮಿನಲ್ಲಿ ಕೇರಳದವರು, ಮಣಿಪುರದವರು, ತಮಿಳರು. ಅಲ್ಲಿ ನಾಲ್ಕೈದೇ ಶಬ್ದ, ಎಲ್ಲರಿಗೂ ಗೊತ್ತಿರುವಂಥದ್ದು. ಪಕ್ಕದಿಂದ ಗೋಲ್ ಮುಂದಕ್ಕೆ ಎತ್ತಿ ಹಾಕಿದ ಬಾಲ್, ಅಂದರೆ ಕ್ರಾಸ್ ಬಂದಾಗ "ಕೀಪರ್" ಅಂತ ಕೂಗಿದರೆ ಬಾಲ್ ನನ್ನದು, "ಅವೇ" ಅಂದರೆ ನೀನೇ ಹೊಡೆದು ಹಾಕು. ಆದರೆ ಬೇಗ ಕೂಗಬೇಕು. ತಡವಾಗಿ ಕೂಗೋದಕ್ಕಿಂತ ಬಾಯಿ ಮುಚ್ಚಿಕೊಂಡಿರೋದೇ ವಾಸಿ. ಯಾಕೆಂದರೆ ಡಿಫೆಂಡರ್ ಹೆಡ್ ಮಾಡೋಕೆ ಎದ್ದವನು ನಿಮ್ಮ ಕೂಗು ಕೇಳಿ ಮಧ್ಯದಲ್ಲಿ ಕೈಬಿಡುತ್ತಾನೆ, ನೀವು ಅಲ್ಲಿಗೆ ತಲುಪಿರೋದಿಲ್ಲ, ಮೂರನೆಯವನು ಬಂದು ಗೋಲ್ ಹೊಡೆದು ಹೋಗುತ್ತಾನೆ.

ಈಗ ಯಾರೂ ಹೇಳದ ಭಾಗಕ್ಕೆ ಬರೋಣ. ಟೀಮಿನಲ್ಲಿ ಸ್ಟ್ರೈಕರ್ ಇಬ್ಬರು ಆಡಬಹುದು, ಮಿಡ್‌ಫೀಲ್ಡ್‌ನಲ್ಲಿ ನಾಲ್ವರು ಆಡಬಹುದು. ಗೋಲ್‌ಕೀಪರ್ ಒಬ್ಬನೇ. ಕ್ಲಬ್ ಮೂವರಿಗೆ ಸಂಬಳ ಕೊಡುತ್ತೆ, ಇಬ್ಬರು ಕಾಯುತ್ತಾರೆ. ಬೇರೆ ಆಟಗಾರನಿಗೆ ಕೊನೆಯ ಹತ್ತು ನಿಮಿಷವಾದರೂ ಸಿಗುತ್ತೆ, ಕಾಲು ಚಾಚಿ ಬರುತ್ತಾನೆ. ಎರಡನೇ ಕೀಪರ್ ಇಳಿಯಬೇಕು ಅಂದರೆ ಮೊದಲನೆಯವನಿಗೆ ಪೆಟ್ಟಾಗಬೇಕು, ಇಲ್ಲ ಕೆಂಪು ಕಾರ್ಡ್ ಆಗಬೇಕು. ಜೊತೆಗೆ ಊಟ ಮಾಡುವ, ಒಂದೇ ರೂಮಿನಲ್ಲಿ ಮಲಗುವ ಗೆಳೆಯನಿಗೆ ಕೆಟ್ಟದಾಗಲಿ ಅಂತ ಬಯಸೋಕೂ ಆಗಲ್ಲ, ಆಡೋ ಆಸೆ ಬಿಡೋಕೂ ಆಗಲ್ಲ. ನನ್ನ ವೃತ್ತಿ ಬದುಕಿನ ಬಹುಪಾಲು ಹೀಗೇ ಹೋಯಿತು.

ಎರಡನೇ ಕೀಪರ್ ಕೆಲಸ ಅಂದರೆ ಸುಮ್ನೆ ಕೂರೋದಲ್ಲ. ಮ್ಯಾಚ್‌ಗೆ ಮೊದಲು ವಾರ್ಮ್‌ಅಪ್‌ನಲ್ಲಿ ಮೊದಲನೆಯವನಿಗೆ ಬಾಲ್ ಹೊಡೆದು ಕೊಡುವವನು ಅವನೇ. ಅದಕ್ಕೂ ಹದ ಬೇಕು. ಮೊದಲು ಎದೆಗೆ ನೇರವಾಗಿ, ಕೈಗೆ ಬಾಲ್ ಕೂರೋ ಹಾಗೆ. ಆಮೇಲೆ ಎಡ, ಬಲ. ಕೊನೆಯ ಎರಡು ಹೊಡೆತ ಅವನು ಹಿಡಿಯಲೇಬೇಕು ಅನ್ನುವ ಹಾಗೆ ಇರಬೇಕು, ಗೋಲ್ ಆಗುವ ಹಾಗೆ ಹೊಡೆದು ಕಳಿಸಿದರೆ ಅವನು ಅದನ್ನೇ ತಲೆಯಲ್ಲಿಟ್ಟುಕೊಂಡು ಒಳಗೆ ಹೋಗುತ್ತಾನೆ. ಆಟ ಶುರುವಾದ ಮೇಲೆ ಬೆಂಚ್ ಮೇಲೆ ಕೂತು ಎದುರಾಳಿ ಕಾರ್ನರ್ ಯಾವ ಕಡೆ ಹಾಕುತ್ತಾನೆ, ಗಾಳಿ ಯಾವ ಕಡೆ ಇದೆ ಅಂತ ನೋಡೋದು. ಹಾಫ್ ಟೈಮ್‌ನಲ್ಲಿ ಅವನ ಕಿವಿಗೆ ಒಂದೇ ಒಂದು ಮಾತು. ನಾಲ್ಕು ಮಾತು ಹೇಳಿದರೆ ಕೋಪ ಬರುತ್ತೆ, ನನಗೂ ಬರುತ್ತಿತ್ತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಇಲಾಖೆಗಳ ಡಿಪಾರ್ಟ್‌ಮೆಂಟ್ ಟೀಮಿನಲ್ಲಿ ಸ್ಟೈಪೆಂಡ್ ಕಡಿಮೆ, ಆದರೆ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಕ್ಲಬ್‌ನಲ್ಲಿ ಕಾಂಟ್ರ್ಯಾಕ್ಟ್ ಜಾಸ್ತಿ, ಸೀಸನ್ ಮುಗಿದ ಮೇಲೆ ಫೋನ್ ಎತ್ತೋದಿಲ್ಲ. ಒಂದು ಕ್ಲಬ್ ನನಗೆ ಕೊನೆಯ ತಿಂಗಳುಗಳದ್ದು ಈಗಲೂ ಕೊಡಬೇಕು, ಆ ಕ್ಲಬ್ಬೇ ಈಗ ಇಲ್ಲ. ಕೀಪರ್‌ಗೆ ಇರುವ ಒಂದು ಸಮಾಧಾನ ವಯಸ್ಸು. ಇಟಲಿಯ ದೀನೋ ಜೋಫ್ 1982ರಲ್ಲಿ ವಿಶ್ವಕಪ್ ಎತ್ತಿದಾಗ 40 ವರ್ಷ. ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರ ವಿಶ್ವಕಪ್‌ನಲ್ಲಿ 45ನೇ ವಯಸ್ಸಿಗೆ ಆಡಿ ಒಂದು ಪೆನಾಲ್ಟಿಯನ್ನೂ ತಡೆದರು. ಮನೆಯಲ್ಲಿ "ಇನ್ನೂ ಎಷ್ಟು ದಿನ?" ಅಂತ ಕೇಳಿದಾಗೆಲ್ಲ ನಾನು ಹದರಿ ಹೆಸರು ಹೇಳುತ್ತಿದ್ದೆ. ಅಪ್ಪನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಪೆನಾಲ್ಟಿ ಅಂದರೆ ಜನ ಲಾಟರಿ ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ದೂರ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ ಬಾಲ್ 0.4 ಸೆಕೆಂಡಿನಲ್ಲಿ ಗೋಲ್ ಒಳಗಿರುತ್ತೆ, ಹೊಡೆದದ್ದು ನೋಡಿ ಹಾರಿದರೆ ಆಗಲ್ಲ ನಿಜ. ಆದರೆ ಓಡಿ ಬರುವ ಕೋನ, ಊರಿದ ಕಾಲಿನ ಬೆರಳು ಯಾವ ಕಡೆ ತಿರುಗಿದೆ, ಸೊಂಟ ತೆರೆದಿದೆಯಾ ಮುಚ್ಚಿದೆಯಾ, ಇಷ್ಟು ಓದಬಹುದು. ಮೊದಲೆಲ್ಲ ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ಜಿಗಿದರೂ ರೆಫರಿಗಳು ನೋಡಿ ನೋಡದ ಹಾಗೆ ಬಿಡುತ್ತಿದ್ದರು. 2019ರಿಂದ ಕಿಕ್ ಆಗುವಾಗ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೋ ಗೆರೆಯ ನೇರಕ್ಕೋ ಇರಬೇಕು ಅಂತ ಬರೆದಿಟ್ಟರು, ಆಮೇಲೆ ಅದರ ಹಿಂದೆ ಇದ್ದರೂ ಸರಿ ಅಂದರು. 2023ರ ಜುಲೈ 4ರಂದು ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್, ಭಾರತ ಕುವೈತ್ ಮೇಲೆ 1-1 ಆಗಿ ಶೂಟೌಟ್‌ಗೆ ಹೋಯಿತಲ್ಲ, ಐದೈದು ಕಿಕ್ ಸಮ ಆದಮೇಲೆ ಒಂದೊಂದೇ ಕಿಕ್ ಹೊಡೆಯುವ ಸಡನ್ ಡೆತ್‌ನಲ್ಲಿ ನಮ್ಮ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದ ಆ ಕೊನೆಯ ಕಿಕ್ ಸಿಕ್ಕರೆ ನಿಧಾನ ಮಾಡಿ ನೋಡಿ. ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧವೂ ಶೂಟೌಟ್‌ನಲ್ಲಿ ತಡೆದಿದ್ದರು. ನಾಲ್ಕು ದಿನದೊಳಗೆ ಎರಡು ಸಲ ಲಾಟರಿ ಹೊಡೆಯುತ್ತಾ?

ಕೈ ಅಷ್ಟೇ ಅಲ್ಲ, ಕಾಲೂ ಬೇಕು. 1992ರಲ್ಲಿ ಬ್ಯಾಕ್‌ಪಾಸ್, ಅಂದರೆ ನಮ್ಮವನೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಬಾಲ್, ಕೈಯಲ್ಲಿ ಹಿಡಿಯಬಾರದು ಅಂತ ಬಂದಾಗಿನಿಂದ ಇದು ಶುರು. 2019ರಲ್ಲಿ ಕೀಪರ್ ಹೊಡೆದ ಗೋಲ್ ಕಿಕ್ ಅನ್ನು ಜೊತೆಯವನು ಪೆನಾಲ್ಟಿ ಬಾಕ್ಸ್ ಒಳಗೇ ತೆಗೆದುಕೊಂಡು ಆಡಬಹುದು ಅಂದಮೇಲೆ ಕೀಪರ್ ಇನ್ನೊಬ್ಬ ಡಿಫೆಂಡರ್ ಆಗಿಬಿಟ್ಟ. ನಾನು ಆ ಹೊತ್ತಿಗೆ ಮುಗಿಸುವ ಹಂತದಲ್ಲಿದ್ದೆ, ಗರಸಿನಲ್ಲಿ ಬಾಲ್ ಯಾವ ಕಡೆ ಪುಟಿಯುತ್ತೋ ಅಂತ ಮೊದಲ ಟಚ್‌ಗೇ ಬಾರಿಸಿ ಕಳಿಸಿ ಬೆಳೆದವನು ನಾನು. ಹೊಸ ಹುಡುಗರು ಒತ್ತಡದಲ್ಲಿ ಎಡಗಾಲಿನಿಂದ ಮೂವತ್ತು ಮೀಟರ್ ಪಾಸ್ ಕೊಡುವುದನ್ನು ನೋಡಿದರೆ ಖುಷಿಯಾಗುತ್ತೆ. ಈಗ 2025ರಿಂದ ಬಾಲನ್ನು ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಒಂದು ಗೋಲ್ ಮುಂದಿದ್ದಾಗ ಬಾಲ್ ತಬ್ಬಿಕೊಂಡು ಆರಾಮಾಗಿ ಮಲಗುತ್ತಿದ್ದ ನಮ್ಮ ಹಳೇ ವಿದ್ಯೆಗೆ ಅಲ್ಲಿಗೆ ಮಂಗಳ ಹಾಡಿದರು.

ಗ್ಲೌಸ್ ಬಗ್ಗೆ ಎರಡು ಮಾತು, ಯಾಕೆಂದರೆ ನಮ್ಮ ಊರಿನ ಬಿಸಿಲಿಗೆ ಜಾಸ್ತಿ ಹಾಳಾಗೋದು ಅದೇ. ಅಂಗೈಯ ಲೇಟೆಕ್ಸ್ ಒಣಗಿದರೆ ಬಿರುಕು ಬಿಡುತ್ತೆ, ಹಿಡಿತ ಹೋಗುತ್ತೆ. ಆಟಕ್ಕೆ ಮೊದಲು ಸ್ವಲ್ಪ ನೀರು ಹಚ್ಚಿ. ಮುಗಿದ ಮೇಲೆ ತಣ್ಣೀರಿನಲ್ಲೋ ಉಗುರು ಬೆಚ್ಚಗಿನ ನೀರಿನಲ್ಲೋ ತೊಳೆದು ನೆರಳಿನಲ್ಲಿ ಹರವಿ. ಮಾಳಿಗೆ ಮೇಲೆ ಹಪ್ಪಳದ ಜೊತೆ ಒಣಗಿಸಬೇಡಿ. ಒಳ್ಳೆಯ ಜೋಡಿಯನ್ನು ಮ್ಯಾಚ್‌ಗೆ ಇಟ್ಟುಕೊಂಡು ಗರಸಿನಲ್ಲಿ ಹಳೆಯದನ್ನೇ ಹಾಕಿ. ಬೆರಳು ಉಳುಕಿದರೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಆಡಬಹುದು, ಆದರೆ ಊತ ಇಳಿಯದಿದ್ದರೆ ಎಕ್ಸ್‌ರೇ ಮಾಡಿಸಿ. ನನ್ನ ಎಡಗೈ ಕಿರುಬೆರಳು ಈಗ ಪೂರ್ತಿ ಮಡಚೋದಿಲ್ಲ.

ಈಗ ಜಿಲ್ಲೆಯ ಸ್ಥಿತಿ ನಮ್ಮ ಕಾಲದ ಹಾಗಿಲ್ಲ. ತೋರಣಗಲ್ಲು ಹತ್ತಿರ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ಬೆಂಗಳೂರು ಎಫ್‌ಸಿಯ ರೆಸಿಡೆನ್ಶಿಯಲ್ ಅಕಾಡೆಮಿ ಹುಡುಗರು ಅಲ್ಲೇ ಇದ್ದು ಕಲಿತಿದ್ದಾರೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲು ಗೆದ್ದಿದ್ದು ಮೈಸೂರು ಅನ್ನುವ ಹೆಸರಿನಲ್ಲಿ, ಅದಕ್ಕಿಂತ 54 ವರ್ಷ ಹಿಂದೆ. ಅದಾದ ಮೇಲೆ ನಮ್ಮ ಬೆಳಗಿನ ಪ್ರಾಕ್ಟೀಸ್‌ಗೂ ನಾಲ್ಕು ಹುಡುಗರು ಜಾಸ್ತಿ ಬಂದರು, ಎಲ್ಲರೂ ಸ್ಟ್ರೈಕರ್ ಆಗೋಕೆ.

ನಾನು ಈಗ ಕೀಪರ್‌ಗಳನ್ನು ಮಾತ್ರ ನೋಡಿಕೊಳ್ಳುತ್ತೇನೆ. ದೇಶದ ಫುಟ್‌ಬಾಲ್ ನಡೆಸುವ ಫೆಡರೇಶನ್ ಎಐಎಫ್‌ಎಫ್ ಗೋಲ್‌ಕೀಪಿಂಗ್ ಕೋಚ್‌ಗಳಿಗೇ ಅಂತ ಬೇರೆ ಕೋರ್ಸ್ ನಡೆಸುತ್ತೆ, ಆಟ ಬಿಟ್ಟ ಕೀಪರ್‌ಗೆ ಅದೊಂದು ಒಳ್ಳೆ ದಾರಿ. ತಂದೆ-ತಾಯಿ ಬಂದು "ಸಾರ್, ಇದರಲ್ಲಿ ನೌಕರಿ ಆಗ್ತದಾ?" ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸ್ಪೋರ್ಟ್ಸ್ ಕೋಟಾ ಇದೆ, ರೈಲ್ವೆ, ಪೊಲೀಸ್, ಸೇನೆ ತಗೋತಾರೆ, ಆದರೆ ಟೀಮಿಗೆ ಕೀಪರ್ ಬೇಕಾಗೋದು ಇಬ್ಬರು ಮೂವರು ಮಾತ್ರ. ಪಿಯುಸಿ, ಡಿಗ್ರಿ ಬಿಡಿಸಬೇಡಿ. ರೈಲಿನಲ್ಲಿ, ಬೆಂಚ್ ಮೇಲೆ, ಹಾಸ್ಟೆಲ್‌ನಲ್ಲಿ ಕೀಪರ್‌ಗೆ ಸಿಗುವಷ್ಟು ಓದೋ ಟೈಮ್ ಬೇರೆ ಯಾವ ಆಟಗಾರನಿಗೂ ಸಿಗಲ್ಲ, ನಾನು ಬಿಎ ಮುಗಿಸಿದ್ದೇ ಹಾಗೆ. ಬೇಸಿಗೆಯಲ್ಲಿ ಆರು ಗಂಟೆಯೊಳಗೆ ಗ್ರೌಂಡಿಗೆ ಕಳಿಸಿ, ಎಂಟಕ್ಕೆ ನಾನೇ ವಾಪಸ್ ಅಟ್ಟುತ್ತೇನೆ.